ಏರಿನಲ್ಲಿ ನಿಂತ ನಾಲ್ಕು ಕಾರು

ಸುವರ್ಣಾವತಿ ನದಿಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿದ್ದ ಗುರುಗಳಿಗೆ ಶಾಸ್ತ್ರವೂ ಗೊತ್ತಿತ್ತು, ಕಾರು ರಿಪೇರಿಯೂ ಗೊತ್ತಿತ್ತು.

ಶಾಸ್ತ್ರ ಕಲಿಸಿದವರು ಅವರ ಗುರುಗಳು. ರಿಪೇರಿ ಕಲಿಸಿದ್ದು ಒಂದು ಮಯೂರ ಕಾರು.

ಮಯೂರ ಒಂದು ಕಾಲದಲ್ಲಿ ಆ ಸೀಮೆಯ ತುಂಬ ಓಡಾಡುತ್ತಿದ್ದ ಕಾರು. ಉಬ್ಬಿದ ಕೆನ್ನೆ, ದುಂಡನೆಯ ದೀಪ, ಆರು ಜನ ಕೂರುವಷ್ಟು ಜಾಗ, ಒತ್ತಿ ಕೂತರೆ ಒಂಬತ್ತು. ಅದನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷದ ಮೇಲಾಗಿದೆ.

ಭಕ್ತರೊಬ್ಬರು ಕೊಟ್ಟ ಮಯೂರದಲ್ಲಿ ಗುರುಗಳು ಊರೂರಿಗೆ ಪ್ರವಚನಕ್ಕೆ ಹೋಗುತ್ತಿದ್ದರು.

ಆ ಕಾರಿಗೆ ಒಂದು ದೋಷವಿತ್ತು. ಬೇಸಿಗೆಯಲ್ಲಿ ಕರಡಿಗುಡ್ಡದ ಏರು ಹತ್ತುವಾಗ ಇಂಜಿನ್ನಿನ ಪಕ್ಕದಲ್ಲಿದ್ದ ಪೆಟ್ರೋಲ್ ಪಂಪು ಕಾದುಹೋಗುತ್ತಿತ್ತು. ಒಳಗಿನ ಪೆಟ್ರೋಲು ಆವಿಯಾಗಿ ಕಾರು ನಿಂತುಬಿಡುತ್ತಿತ್ತು. ಪಂಪು ತಣ್ಣಗಾಗಲು ಅರ್ಧ ಗಂಟೆ ಕಾಯಬೇಕು; ಒದ್ದೆ ಬಟ್ಟೆ ಸುತ್ತಿದರೆ ಸ್ವಲ್ಪ ಬೇಗ. ಬೇರೆ ದಾರಿಯಿರಲಿಲ್ಲ.

ಗುರುಗಳು ಕಾದರು. ಕಾಯುತ್ತಿದ್ದಾಗ ಹಿಂದಿನಿಂದ ಇನ್ನೊಂದು ಮಯೂರ ಬಂತು. ಅದೂ ನಿಂತಿತು.

ಎರಡು ಪಂಪು ತಣ್ಣಗಾಗುವಷ್ಟರಲ್ಲಿ ಇಬ್ಬರಿಗೂ ಇನ್ನೊಬ್ಬರ ಊರು, ಮನೆ, ಮಂಡಿನೋವು ಎಲ್ಲ ಗೊತ್ತಾಗಿತ್ತು.

ಮಯೂರ ಬಳಗ ಹುಟ್ಟಿದ್ದು ಹೀಗೆ.

ಪ್ರತಿ ವರ್ಷ ಯುಗಾದಿ ಕಳೆದ ಎರಡನೆಯ ಭಾನುವಾರ ಬಳಗದವರೆಲ್ಲ ತಮ್ಮ ತಮ್ಮ ಕಾರಿನಲ್ಲಿ ಆಶ್ರಮಕ್ಕೆ ಊಟಕ್ಕೆ ಬರಬೇಕೆಂದು ನಿಶ್ಚಯವಾಯಿತು. ಬರುವ ದಾರಿ ಒಂದೇ, ಕರಡಿಗುಡ್ಡದ ಏರು. ಒಂದು ವರ್ಷ ನಲವತ್ತೊಂದು ಕಾರು ಬಂದವು. ನಲವತ್ತೊಂದೂ ಏರಿನಲ್ಲಿ ನಿಂತವು.

ಜನ ಇಳಿದರು. ಬುತ್ತಿ ಬಿಚ್ಚಿದರು. ಒಬ್ಬರ ನೀರು ಇನ್ನೊಬ್ಬರ ಪಂಪಿಗೆ ಬಿತ್ತು. ಆ ಏರಿನಲ್ಲಿ ಎರಡು ಮದುವೆ ಗೊತ್ತಾದವು, ಒಂದು ಹೊಲದ ವ್ಯಾಜ್ಯ ಮುಗಿಯಿತು. ಒಬ್ಬರು ಬೀಡಿ ಬಿಟ್ಟರು, ಇನ್ನೊಬ್ಬರು ಕಲಿತರು.

ಆಶ್ರಮಕ್ಕೆ ಬರುವ ಹೊತ್ತಿಗೆ ಮಾತು ಅರ್ಧದಲ್ಲಿರುತ್ತಿತ್ತು. ಉಳಿದ ಅರ್ಧಕ್ಕೆ ಸಂಜೆಯಾಗುತ್ತಿತ್ತು.

ಗುರುಗಳ ಶಿಷ್ಯ ಸಿದ್ದಮಲ್ಲು. ಇಪ್ಪತ್ತನೆಯ ವಯಸ್ಸಿನಲ್ಲಿ ಆಶ್ರಮಕ್ಕೆ ಬಂದು, “ನನಗೆ ಮೋಕ್ಷ ಬೇಕು,” ಎಂದಿದ್ದ.

ಗುರುಗಳು ಕಾರಿನ ಕೆಳಗೆ ಮಲಗಿದ್ದರು. ಕೈ ಮಾತ್ರ ಹೊರಗೆ ಚಾಚಿದರು.

“ಮೊದಲು ಆ ಹನ್ನೆರಡು-ಹದಿಮೂರು ಸ್ಪಾನರ್ ಕೊಡು.”

ಹಾಗೆ ಅವನು ಕೆಲಸ ಕಲಿತ. ಪೇಟೆಯಲ್ಲಿ ಗ್ಯಾರೇಜು ಇಟ್ಟ. ಆ ಎರಡು ಮದುವೆಗಳಲ್ಲಿ ಒಂದು ಅವನದು. ಅವನ ಅಪ್ಪ ತೀರಿಕೊಂಡ ದಿನ ಬಂದ ಮಯೂರಗಳು ಬೀದಿಯನ್ನು ಎಷ್ಟು ತುಂಬಿದ್ದವೆಂದರೆ, ಹೆಣ ಹೊರಗೆ ತರಲು ಹನ್ನೊಂದು ಕಾರು ಹಿಂದಕ್ಕೆ ಸರಿಸಬೇಕಾಯಿತು. ಅದನ್ನು ಅವನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾನೆ.

ಕಣ್ಣು ಮಂಜಾದ ಮೇಲೆ ಗುರುಗಳು ತಮ್ಮ ಕಾರನ್ನು ಅವನಿಗೇ ಕೊಟ್ಟರು.

ಹತ್ತು ವರ್ಷದ ಹಿಂದೆ ಮಲ್ಲು ಆ ದೋಷಕ್ಕೆ ಮದ್ದು ಕಂಡುಹಿಡಿದ. ಅಂಗೈಯಗಲದ ಒಂದು ಕರೆಂಟು ಪಂಪು. ಅದನ್ನು ಇಂಜಿನ್ನಿನಿಂದ ದೂರ, ಹಿಂದೆ, ಟ್ಯಾಂಕಿನ ಹತ್ತಿರ ಕೂರಿಸಿದ. ಪೆಟ್ರೋಲು ಕಾಯಲಿಲ್ಲ. ಕಾರು ನಿಲ್ಲಲಿಲ್ಲ.

ಎರಡು ವರ್ಷದಲ್ಲಿ ಬಳಗದ ಎಲ್ಲ ಕಾರಿಗೂ ಹಾಕಿದ. ಎಲ್ಲರೂ ಅವನನ್ನು ಹೊಗಳಿದರು. ಒಂದು ಶಾಲು ಹೊದಿಸಿದರು.

ಆಮೇಲೆ ಬರುವವರು ಕಡಿಮೆಯಾದರು.

ಮೂವತ್ತಾಯಿತು, ಹದಿನೆಂಟಾಯಿತು, ಒಂಬತ್ತಾಯಿತು. ಹೋದ ವರ್ಷ ಮಲ್ಲುವಿನದೂ ಸೇರಿ ನಾಲ್ಕು.

ಈ ವರ್ಷ ಯುಗಾದಿಗೆ ಇನ್ನೂ ಮೂರು ವಾರವಿರುವಾಗ ಗುರುಗಳು ಅವನನ್ನು ಕರೆಸಿದರು.

“ಮಲ್ಲು, ಈ ವರ್ಷದ್ದು ಕೊನೇದು ಮಾಡಿಬಿಡೋಣ.”

“ಯಾವುದು ಗುರುಗಳೇ?”

“ಬಳಗದ ಊಟ.”



“ಇನ್ನೂ ನಾಲ್ಕು ಕಾರಿದಾವಲ್ಲ,” ಎಂದ ಮಲ್ಲು.

“ನಾಲ್ಕಿರಲಿ, ಎರಡಿರಲಿ, ಅದಕ್ಕಲ್ಲ. ಹೋದ ವರ್ಷ ಏನಾಯ್ತು ನೆನಪಿದೆಯಾ? ಹನ್ನೊಂದೂವರೆಗೆ ಬಂದ್ರು. ಹನ್ನೆರಡಕ್ಕೆ ಎಲೆ ಮುಂದೆ ಕೂತ್ರು. ನಾನು ಪಾಯಸದ ಪಾತ್ರೆ ತಗೊಂಡು ಬರ್ತೀನಿ, ಪಂಕ್ತೀಲಿ ಒಬ್ಬರೂ ಇಲ್ಲ. ಬರೀ ಎಲೆ. ಇದೇನು ಹೋಟೆಲ್ಲೇನಪ್ಪಾ?”

“ಎಲ್ಲಾರಿಗೂ ಏನೋ ಕೆಲಸ ಗುರುಗಳೇ.”

“ಆಗೇನು ಕೆಲಸ ಇರಲಿಲ್ಲವಾ?”

ಮಲ್ಲು ತಲೆ ಬಗ್ಗಿಸಿದ. “ನನ್ನ ಪಂಪಿನಿಂದ ಹೀಗಾಯ್ತಾ?”

“ಕೆಲವರಿಗೆ ವಯಸ್ಸಾಯ್ತು. ಕೆಲವರು ಹೋಗಿಬಿಟ್ರು. ಕೆಲವರು ಎ.ಸಿ. ಇರೋ ಕಾರು ತಗೊಂಡ್ರು, ಪಾಪ, ಸೆಕೆಗೆ. ಎಲ್ಲ ನಿನ್ನಿಂದಲೇ ಆಯ್ತು ಅಂದ್ಕೊಳ್ಳೋದೂ ಒಂಥರಾ ಜಂಬ ಕಣಯ್ಯ.”

“ಇದೊಂದು ವರ್ಷ ಕೊಡಿ. ಅವರನ್ನ ಸಂಜೆವರೆಗೂ ಕೂರಿಸ್ತೀನಿ. ಕೂರಿಸಿಬಿಟ್ರೆ ಮುಂದಿನ ವರ್ಷವೂ ನೀವು ಒಲೆ ಹಚ್ಚಬೇಕು.”

“ಕೂರಿಸು, ನೋಡೋಣ.”

ಮಲ್ಲು ಏಳಲು ಹೋಗಿ ಮತ್ತೆ ಕೂತ.

“ಗುರುಗಳೇ, ಆಗೆಲ್ಲ ಅಷ್ಟು ಹೊತ್ತು ಹೇಗೆ ಕೂರ್ತಿದ್ರು?”

“ಆಗ ಕಾರು ಬಿಡ್ತಿರಲಿಲ್ಲ,” ಎಂದು ನಕ್ಕು ಗುರುಗಳು ಟವೆಲ್ ಹೆಗಲಿಗೆ ಹಾಕಿಕೊಂಡು ಹೊಳೆಗೆ ಹೋದರು.

ಮಲ್ಲು ನಗಲಿಲ್ಲ. ಆ ಮಾತನ್ನು ಗ್ಯಾರೇಜಿಗೆ ಹೊತ್ತುಕೊಂಡು ಹೋದ.

ಗ್ಯಾರೇಜಿನ ಮೂಲೆಯಲ್ಲಿ ಒಂದು ತಗಡಿನ ಟ್ರಂಕಿತ್ತು. ಬಳಗದ ಕಾರುಗಳಿಂದ ಬಿಚ್ಚಿದ ಹಳೆಯ ಪಂಪುಗಳನ್ನೆಲ್ಲ ಅದರಲ್ಲಿ ಇಟ್ಟಿದ್ದ. ಒಂದೊಂದಕ್ಕೂ ಕಾರಿನವರ ಹೆಸರಿನ ಚೀಟಿ ಕಟ್ಟಿದ್ದ. ಯಾಕೆ ಇಟ್ಟಿದ್ದೀಯ ಎಂದು ಹೆಂಡತಿ ಕೇಳಿದಾಗಲೆಲ್ಲ, “ಬಿಸಾಡೋಕೆ ಮನಸ್ಸು ಬರಲ್ಲ,” ಎನ್ನುತ್ತಿದ್ದ.

ಊಟಕ್ಕೆ ಮುಂಚೆ ಕಾರು ಒಂದು ಸಲ ನೋಡಿಕೊಡುತ್ತೇನೆ, ತಂದುಬಿಡಿ ಎಂದು ಉಳಿದ ಮೂವರಿಗೂ ಹೇಳಿ ಕಳಿಸಿದ.

ಮೊದಲು ಬಂದವರು ಫಿಲೋಮಿನಾ ಟೀಚರ್. ಪೇಟೆಯ ಅರ್ಧ ಜನಕ್ಕೆ ಲೆಕ್ಕ ಕಲಿಸಿದವರು, ಮಲ್ಲುವಿಗೂ. ಎಪ್ಪತ್ತಾರು ವಯಸ್ಸಿಗೂ ಕಾರು ತಾವೇ ಓಡಿಸುತ್ತಿದ್ದರು.

“ನನ್ನ ಕಾರಿಗೇನಾಗಿದೆ? ಚೆನ್ನಾಗೇ ಇದೆಯಲ್ಲ.”

“ಸುಮ್ಮನೆ ಒಂದ್ಸಲ ನೋಡ್ತೀನಿ ಟೀಚರ್.”

“ಸುಮ್ಮನೆ ನೋಡೋನು ಯಾಕೆ ನನ್ನ ಮುಖ ನೋಡ್ತಾ ಇಲ್ಲ?”

ಮಲ್ಲು ಬಾನೆಟ್ಟು ಎತ್ತಿ ಅದರ ಹಿಂದೆ ನಿಂತುಕೊಂಡ.

ಬಾಸಿತ್ ಸಾಹೇಬರು ಬಂದರು. ರೇಷ್ಮೆಗೂಡಿನ ವ್ಯಾಪಾರ ಅವರದು. ಕೊನೆಗೆ ರಾಚಪ್ಪ ಬಂದರು. ಅರಿಸಿನದ ಮಂಡಿಯವರು, ಬೆರಳು ಯಾವಾಗಲೂ ಹಳದಿ. ಮೊದಲೆಲ್ಲ ಹೆಂಡತಿ ರುದ್ರಮ್ಮನ ಜೊತೆ ಬರುತ್ತಿದ್ದರು. ಮೂರು ವರ್ಷದಿಂದ ಒಬ್ಬರೇ.

ಮೂರು ಕಾರಿನಲ್ಲೂ ಮಲ್ಲು ಹೊಸ ಪಂಪು ಬಿಚ್ಚಿ ಹಳೆಯದನ್ನು ಕೂರಿಸಿದ. ಯಾರಿಗೂ ಹೇಳಲಿಲ್ಲ. ಕೊನೆಗೆ ತನ್ನ ಕಾರಿಗೂ ಹಳೆಯದನ್ನೇ ಹಾಕಿಕೊಂಡ. ತಾನೊಬ್ಬ ಮಾತ್ರ ನಿಲ್ಲದೆ ಹೋಗುವುದು ನ್ಯಾಯವಲ್ಲ ಎನ್ನಿಸಿತು.

ಭಾನುವಾರ ಬಂತು. ಬಿಸಿಲು ಅವನು ಬಯಸಿದಷ್ಟೇ ಇತ್ತು.

ಎಲ್ಲರಿಗಿಂತ ಹಿಂದೆ ಹೊರಟ. ಕರಡಿಗುಡ್ಡದ ಏರಿನ ನಡುವೆ ಟೀಚರ ಕಾರು ಕೆಮ್ಮಿತು, ಪಕ್ಕಕ್ಕೆ ಸರಿಯಿತು, ನಿಂತಿತು. ಅದರ ಹಿಂದೆ ರಾಚಪ್ಪನವರದು. ಅದರ ಹಿಂದೆ ಸಾಹೇಬರದು. ನಾಲ್ಕನೆಯದು ಮಲ್ಲುವಿನದು.

ಒಂದೇ ಏರಿನಲ್ಲಿ, ಒಂದರ ಹಿಂದೆ ಒಂದು, ನಾಲ್ಕು ಮಯೂರ. ಮಲ್ಲುವಿಗೆ ಕಣ್ಣು ತುಂಬಿ ಬಂತು.

ಸ್ಟೀರಿಂಗಿನ ಮೇಲೆ ಗಲ್ಲ ಊರಿ ಮುಂದೆ ನೋಡುತ್ತ ಕೂತ.

ಈಗ ಇಳಿಯುತ್ತಾರೆ ಎಂದುಕೊಂಡ.

ಟೀಚರ್ ಫೋನು ಕೈಗೆ ತೆಗೆದುಕೊಂಡರು. ಅದನ್ನು ಕಿವಿಗೆ ಹಿಡಿದರು, ಮುಖದ ಮುಂದೆ ಹಿಡಿದರು, ಮತ್ತೆ ಕಿವಿಗೆ ಹಿಡಿದರು.

ಸಾಹೇಬರು ಸೀಟು ಹಿಂದಕ್ಕೆ ಮಾಡಿ, ಕರವಸ್ತ್ರ ಮುಖದ ಮೇಲೆ ಹಾಕಿಕೊಂಡು ಮಲಗಿದರು.

ರಾಚಪ್ಪ ಸುಮ್ಮನೆ ಕೂತಿದ್ದರು. ಒಂದು ಸಲ ಕನ್ನಡಿಯಲ್ಲಿ ಹಿಂದೆ ನೋಡಿದರು. ಒಂದು ಸಲ ಗಾಜು ಇಳಿಸಿದರು. ಮತ್ತೆ ಏರಿಸಿದರು.

ಈಗ ಇಳಿಯುತ್ತಾರೆ.

ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು. ಲಾರಿಗಳು ಹಾರನ್ ಹೊಡೆಯುತ್ತ ಪಕ್ಕದಲ್ಲೇ ಹೋದವು. ಪೇಟೆಯ ಕಡೆಯಿಂದ ಒಂದು ವ್ಯಾನು ಬಂದು ರಾಚಪ್ಪನವರ ಕಾರಿಗೆ ಕೊಂಡಿ ಹಾಕಿ, ತಿರುಗಿಸಿ, ಊರಿಗೆ ಎಳೆದುಕೊಂಡು ಹೋಯಿತು. ಹೋಗುವಾಗ ರಾಚಪ್ಪ ಒಳಗಿನಿಂದ ಕೈ ಎತ್ತಿದರೋ ಇಲ್ಲವೋ ಮಲ್ಲುವಿಗೆ ತಿಳಿಯಲಿಲ್ಲ.

ಅರ್ಧ ಗಂಟೆಗೆ ಪಂಪುಗಳು ತಣ್ಣಗಾದವು. ಟೀಚರ ಕಾರು ಹೊರಟಿತು. ಸಾಹೇಬರ ಕಾರು ಹೊರಟಿತು. ಮಲ್ಲು ಹಿಂದೆ ಹೋದ.

ಆಶ್ರಮದಲ್ಲಿ, “ತಡವಾಯ್ತು, ತಡವಾಯ್ತು,” ಎನ್ನುತ್ತ ಇಬ್ಬರೂ ಊಟಕ್ಕೆ ಕೂತರು. ಕಾಲು ಗಂಟೆಯಲ್ಲಿ ಉಂಡರು. ಪಾಯಸವನ್ನು ಟೀಚರ್ ಡಬ್ಬಿಗೆ ಹಾಕಿಸಿಕೊಂಡರು. ಹೊರಟುಹೋದರು.

ಜಗಲಿಯ ಮೇಲೆ ಗುರುಗಳೂ ಮಲ್ಲುವೂ ಉಳಿದರು.

“ಏನಪ್ಪಾ, ಸಂಜೆ ಆಯ್ತಾ?” ಎಂದರು ಗುರುಗಳು. ಗಂಟೆ ಒಂದೂವರೆ.

ಮಲ್ಲು ಅವರ ಕಾಲ ಬಳಿ ಕೂತು ಎಲ್ಲ ಹೇಳಿದ. ಟ್ರಂಕು, ಪಂಪು, ಏರು, ವ್ಯಾನು.

ಗುರುಗಳ ಮುಖದಲ್ಲಿ ನಗುವಿರಲಿಲ್ಲ.

“ಆ ಏರಿನಲ್ಲಿ ಲಾರಿ ಓಡಾಡ್ತಾವೆ.”

“ಹೌದು.”

“ಎಪ್ಪತ್ತಾರು ವರ್ಷದ ಹೆಣ್ಣುಮಗಳು.”

“ಹೌದು ಗುರುಗಳೇ.”

“ನಂಬಿ ನಿನ್ನ ಕೈಗೆ ಕಾರು ಕೊಟ್ಟವರು.”

ಮಲ್ಲು ಎದ್ದು ನಿಂತ.

“ಹೋಗು. ಮೂರೂ ಮನೆಗೆ ಹೋಗು. ಮಾಡಿದ್ದನ್ನ ಅವರ ಮುಂದೆ ನಿಂತು ಹೇಳು. ಹೊಸ ಪಂಪು ಹಾಕಿಕೊಡು. ಅಲ್ಲಿವರೆಗೂ ನನಗೂ ನಿನಗೂ ಮಾತಿಲ್ಲ.”

ಮರುದಿನ ಬೆಳಿಗ್ಗೆ ಮಲ್ಲು ಟೀಚರ ಮನೆಗೆ ಹೋದ. ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಮುರಿಯುತ್ತಿದ್ದರು. ಅವನು ನಿಂತೇ ಎಲ್ಲ ಹೇಳಿ ಮುಗಿಸಿದ.

“ನಿನ್ನ ವಯಸ್ಸೆಷ್ಟು ಸಿದ್ದಮಲ್ಲು?”

“ಐವತ್ತೆರಡು ಟೀಚರ್.”

“ತಪ್ಪು ಅಂತ ಗೊತ್ತಿದ್ದೂ ಮಾಡಿದ್ಯಾ? ಮಾಡಿದ ಮೇಲೆ ಗೊತ್ತಾಯ್ತಾ?”

ಮಲ್ಲು ಯೋಚಿಸಿದ. “ಮಾಡುವಾಗ ಅರ್ಧ ಗೊತ್ತಿತ್ತು.”

“ಅರ್ಧಕ್ಕೆ ಅರ್ಧ ಮಾರ್ಕು. ಪಂಪು ಹಾಕು, ಆಮೇಲೆ ಕಾಫಿ.”

ಪಂಪು ಹಾಕಿ, ಕೈ ತೊಳೆದು, ಕಾಫಿ ಲೋಟ ಹಿಡಿದು ಕೂತಾಗ ಟೀಚರ್ ದನಿ ತಗ್ಗಿಸಿದರು.

“ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡ. ನನ್ನ ಕೈಯಲ್ಲಿ ಫೋನಿತ್ತಲ್ಲ, ಅದರಲ್ಲಿ ಚಾರ್ಜೇ ಇರಲಿಲ್ಲ.”

“ಮತ್ತೆ ಕಿವಿಗೆ ಹಿಡ್ಕೊಂಡಿದ್ರಿ?”

“ಒಬ್ಬಳೇ ಪೆದ್ದಿ ಹಾಗೆ ಕೂತಿದ್ದೀನಿ ಅಂತ ಕಾಣಬಾರದಲ್ಲ. ರಾಚಪ್ಪ ಬಂದು ಗಾಜು ತಟ್ತಾರೇನೋ ಅಂತ ಕಾಯ್ತಾ ಇದ್ದೆ. ಬರಲೇ ಇಲ್ಲ. ನನ್ನ ಹತ್ತಿರ ಇಡೀ ಒಂದು ಡಬ್ಬಿ ಚಕ್ಕುಲಿ ಇತ್ತು. ಹಾಗೇ ವಾಪಸು ತಂದೆ.”

ಡಬ್ಬಿ ತಂದು ಅವನ ಮುಂದೆ ಇಟ್ಟರು. ಮಲ್ಲು ಎರಡು ತಿಂದ.

ಬಾಸಿತ್ ಸಾಹೇಬರು ಗೂಡಿನ ಮಾರುಕಟ್ಟೆಯಿಂದ ಆಗತಾನೇ ಮನೆಗೆ ಬಂದಿದ್ದರು. ಕೇಳಿ ಮುಗಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಬೆರಳು ತೋರಿಸಿದರು.

“ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿನ್ನ ಗ್ಯಾರೇಜಿಗೆ ನನ್ನ ಸೈಕಲ್ಲೂ ಬರಲ್ಲ.”

“ಮಾಡಲ್ಲ ಸಾಹೇಬ್ರೆ. ನೀವು ಬಿಸಿಲಲ್ಲೇ ನಿದ್ದೆ ಮಾಡೋ ಹಾಗಾಯ್ತು.”

“ನಿದ್ದೆನಾ? ಯಾರದ್ದು?”

“ನೀವು ಕರವಸ್ತ್ರ ಹಾಕ್ಕೊಂಡು...”

“ಅಲ್ಲಯ್ಯ, ಬಿಸಿಲು ಕಣ್ಣಿಗೆ ಹೊಡೀತಿತ್ತು, ಮುಚ್ಕೊಂಡೆ. ಕಿವಿ ಹೊರಗೇ ಇತ್ತಲ್ಲ! ಮಯೂರದ ಬಾಗಿಲು ತೆಗೆದ್ರೆ ಪಕ್ಕದೂರಿಗೆ ಕೇಳುತ್ತೆ. ಅದೇ ಕೇಳ್ಕೊಂಡು ಮಲಗಿದ್ದೆ. ಒಂದಾದ್ರೂ ಕೇಳಬೇಕಲ್ಲ, ಊಹ್ಞೂಂ.”

“ನೀವೇ ತೆಗೀಬಹುದಿತ್ತಲ್ಲ?”

“ಟೀಚರಮ್ಮ ಫೋನಲ್ಲಿ ಮಾತಾಡ್ತಾ ಇದ್ರು. ಏನೋ ಮುಖ್ಯವಾದ್ದು ಇರಬೇಕು. ಮಧ್ಯೆ ಹೋಗಿ ತೊಂದರೆ ಕೊಡೋದು ಚೆನ್ನಾಗಿರುತ್ತಾ ಹೇಳು.”

ಚಾರ್ಜಿನ ವಿಷಯ ಮಲ್ಲುವಿನ ನಾಲಿಗೆಯ ತುದಿಯವರೆಗೂ ಬಂತು. ಟೀಚರ ಮಾತು ನೆನಪಾಗಿ ಬಾಯಿ ಮುಚ್ಚಿಕೊಂಡ.

ರಾಚಪ್ಪನವರ ಕಾರು ಮಂಡಿಯ ಹಿಂದೆ, ವ್ಯಾನಿನವರು ಬಿಟ್ಟುಹೋದ ಜಾಗದಲ್ಲೇ ನಿಂತಿತ್ತು. ಮಲ್ಲು ಹೇಳುವುದನ್ನು ಅವರು ಅರಿಸಿನದ ಮೂಟೆಯ ಮೇಲೆ ಕೂತು ಕೇಳಿದರು. ಬೈಯಲಿಲ್ಲ.

“ವ್ಯಾನು ಕರೆದಿದ್ದು ನಂದೂ ತಪ್ಪೇ ಮಲ್ಲಣ್ಣ.”

“ನಿಮ್ಮದೇನು ತಪ್ಪು ರಾಚಪ್ಪನೋರೇ?”

“ಪಂಪು ಕಾದಿದೆ ಅಂತ ನನಗೆ ಆಗಲೇ ಗೊತ್ತಾಯ್ತು. ಆ ಪೆಟ್ರೋಲ್ ವಾಸನೆ ಮರೆಯೋಕಾಗುತ್ತಾ? ಒಂದು ಕ್ಷಣ ಖುಷಿನೂ ಆಯ್ತು.”

“ಮತ್ತೆ?”

“ಆಗೆಲ್ಲ ಕಾರು ನಿಂತರೆ ಮೊದಲು ಇಳೀತಿದ್ದೋಳು ರುದ್ರಮ್ಮ. ಚಕ್ರ ಪೂರ್ತಿ ನಿಲ್ಲೋಕೂ ಬಿಡ್ತಿರಲಿಲ್ಲ, ಡಬ್ಬಿ ತಗೊಂಡು ಇಳಿದುಬಿಡೋಳು. ಮಾತಾಡಿಸೋದೆಲ್ಲ ಅವಳೇ. ನಾನು ಅವಳ ಹಿಂದೆ ಇಳಿಯೋನು. ಒಬ್ಬನೇ ಇಳಿದು ನನಗೆ ಅಭ್ಯಾಸ ಇಲ್ಲ.”

ಮಲ್ಲು ಕೈಯಲ್ಲಿದ್ದ ಸ್ಪಾನರನ್ನು ಸುಮ್ಮನೆ ತಿರುಗಿಸುತ್ತ ನಿಂತ.

“ಮುಂದೆ ಟೀಚರು ಫೋನಲ್ಲಿದ್ರು. ಹಿಂದೆ ಸಾಹೇಬ್ರು ಮಲಗಿಬಿಟ್ಟಿದ್ರು. ಯಾರಿಗೂ ನಾನು ಬೇಕಾಗಿಲ್ಲ ಅನ್ನಿಸ್ತು. ಹೋಗಲಿ ಅಂತ ವ್ಯಾನಿಗೆ ಫೋನ್ ಮಾಡಿದೆ. ಯಾರಾದ್ರೂ ಒಬ್ಬರು ಕರೆದಿದ್ರೆ ಇಳೀತಿದ್ದೆ.”

ಮಲ್ಲು ಪಂಪು ಹಾಕಿ ಮುಗಿಸಿದ. ಹೊರಡುವಾಗ ರಾಚಪ್ಪ ಕೇಳಿದರು:

“ಮುಂದಿನ ವರ್ಷ ಊಟ ಇದೆಯಂತಾ?”

“ಗೊತ್ತಿಲ್ಲ ರಾಚಪ್ಪನೋರೇ. ಗುರುಗಳನ್ನ ಕೇಳಬೇಕು.”

“ಇದ್ರೆ ಹೇಳು.”

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮಲ್ಲು ಆಶ್ರಮಕ್ಕೆ ಬಂದು ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿದ. ಗುರುಗಳು ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಕಣ್ಣು ಮಂಜಾಗಿದ್ದರಿಂದ ಬೆರಳಿನಲ್ಲೇ ಕಲ್ಲು ಹುಡುಕುತ್ತಿದ್ದರು.

“ಹಾಕಿದ್ಯಾ?”

“ಮೂರಕ್ಕೂ ಹಾಕಿದೆ.”

“ಹೇಳಿದ್ಯಾ?”

“ಹೇಳಿದೆ.”

“ಬೈದ್ರಾ?”

“ಟೀಚರ್ ಬೈದ್ರು. ಸಾಹೇಬ್ರು ನಕ್ಕು ಆಮೇಲೆ ಬೈದ್ರು. ರಾಚಪ್ಪನೋರು ಬೈಯಲೇ ಇಲ್ಲ. ಅದೇ ಜಾಸ್ತಿ ನೋವಾಯ್ತು.”

“ಹೂಂ. ಈಗ ಕೂತುಕೋ.”

ಮಲ್ಲು ಕೂತ. ಅಲ್ಲಿಯವರೆಗೆ ತಡೆದುಕೊಂಡಿದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

“ಗುರುಗಳೇ, ಮೂರು ಜನವೂ ಕಾಯ್ತಾ ಇದ್ದರಂತೆ! ಟೀಚರು ರಾಚಪ್ಪನೋರು ಬರಲಿ ಅಂತ. ರಾಚಪ್ಪನೋರು ಯಾರಾದ್ರೂ ಕರೀಲಿ ಅಂತ. ಸಾಹೇಬ್ರು ಬಾಗಿಲ ಸದ್ದಿಗೆ ಕಿವಿ ಇಟ್ಟುಕೊಂಡು ಮಲಗಿದ್ದರಂತೆ. ಮೂರು ಜನಕ್ಕೂ ಇಳಿಯೋ ಆಸೆ. ಮೂರು ಜನವೂ ಇಳಿಯಲಿಲ್ಲ!”

“ಹಾಗಾ.”

“ನಾನು ಪೂರ್ತಿ ತಪ್ಪು ತಿಳ್ಕೊಂಡಿದ್ದೆ. ಇವರಿಗೆ ಬಳಗ ಬೇಡವಾಗಿದೆ ಅಂದ್ಕೊಂಡಿದ್ದೆ. ಬೇಡವಾಗಿಲ್ಲ ಗುರುಗಳೇ. ರಾಚಪ್ಪನೋರು ಮುಂದಿನ ವರ್ಷ ಊಟ ಇದೆಯಾ ಅಂತ ಕೇಳಿದ್ರು. ಅವರೇ ಬಾಯಿಬಿಟ್ಟು ಕೇಳಿದ್ರು. ಒಲೆ ಹಚ್ತೀರಾ?”

ಗುರುಗಳು ಒಂದು ಕಲ್ಲು ತೆಗೆದು ಅಂಗಳಕ್ಕೆ ಎಸೆದರು.

“ಒಲೆ ಹಚ್ಚೋದೇನು ಕಷ್ಟ?”

“ಹಾಗಾದ್ರೆ ಬಾಗಿಲು ತೆಗೆಯೋದು ಮಾತ್ರ ಕಷ್ಟನಾ? ನೀವೇ ಹೇಳಿ. ಅರ್ಧ ಗಂಟೆ ಗುರುಗಳೇ, ಅರ್ಧ ಗಂಟೆ! ನಾನು ಕಣ್ಣು ಮಿಟುಕಿಸದೆ ನೋಡ್ತಾ ಇದ್ದೆ. ಈಗ ಇಳೀತಾರೆ, ಈಗ ಇಳೀತಾರೆ ಅಂತ. ಒಂದು ಬಾಗಿಲು, ಒಂದೇ ಒಂದು ಬಾಗಿಲು ತೆಗೆದಿದ್ರೆ ಸಾಕಿತ್ತು, ಸಂಜೆ ಆಗಿಹೋಗ್ತಿತ್ತು. ಅಷ್ಟು ಮಾಡೋಕೆ ಅವರಿಗೇನಾಗಿತ್ತು?”

ಗುರುಗಳು ಮೊರವನ್ನು ಪಕ್ಕಕ್ಕೆ ಇಟ್ಟರು. ಗೋಡೆ ಹಿಡಿದು ಎದ್ದರು. ಮೆಲ್ಲಗೆ ಅಂಗಳ ದಾಟಿ ಹೊಂಗೆಮರದ ಕೆಳಗೆ ಹೋದರು.

ಮಲ್ಲುವಿನ ಕಾರಿನ ಬಳಿ ನಿಂತರು. ಕೈಯಾಡಿಸಿ ಹಿಡಿ ಹುಡುಕಿದರು. ಡ್ರೈವರ್ ಸೀಟಿನ ಬಾಗಿಲು ತೆಗೆದರು. ಮುಚ್ಚಿದರು. ಮತ್ತೆ ತೆಗೆದರು. ಬಗ್ಗಿ, ಹಳೆಯ ಮೆಕ್ಯಾನಿಕ್ಕಿನ ಹಾಗೆ, ಹೆಬ್ಬೆರಳಿನಿಂದ ಕೀಲನ್ನು ಒತ್ತಿ ನೋಡಿದರು.

“ನಿನ್ನ ಬಾಗಿಲು ಸರಿಯಾಗೇ ಇದೆಯಲ್ಲ, ಮಲ್ಲು.”